ಐವತ್ತಕ್ಕೆ ಐವತ್ತು

“ನಲವತ್ತೊಂಬತ್ತನೇ ಪ್ರಶ್ನೆ. ಗಿಡದ ಎಲೆಯಲ್ಲಿ ಆಹಾರ...”

“ಸಿ!” ಎಂದಳು ಅಮ್ಮ, ಬಾಯಿತುಂಬ ಸ್ಯಾಂಡ್‌ವಿಚ್ ಇಟ್ಟುಕೊಂಡೇ.

“ಸರಿ! ಐವತ್ತು. ಹಾವಿನ ಮೈಯಲ್ಲಿ...”

“ಎ!”

“ಅಮ್ಮಾ, ಐವತ್ತಕ್ಕೆ ಐವತ್ತು!” ಕೊರಿನ್ ಬಸ್ಸಿನ ಸೀಟಿನ ಮೇಲೆ ಕುಣಿದೇಬಿಟ್ಟಳು.

ಕೊರಿನ್‌ಳ ಅಮ್ಮ ವೆರ್ನಾ ಅಮೆರಿಕದ ಟೊಲೀಡೊ ಊರಿನಲ್ಲಿ ಸ್ಕೂಲ್ ಬಸ್ ಓಡಿಸುತ್ತಾಳೆ. ಮಕ್ಕಳನ್ನೆಲ್ಲ ಇಳಿಸಿ, ಬಸ್ ಡಿಪೋಗೆ ತಂದಮೇಲೆ ಅಮ್ಮ ಮಗಳು ಅಲ್ಲೇ ಕೂತು ಗೈಡ್ ಓದುವುದು. ಟೀಚರ್ ಆಗಲು ಅಮ್ಮನಿಗೆ ಬಾಕಿ ಇರುವುದು ಜೀವಶಾಸ್ತ್ರ ಒಂದೇ. ಶನಿವಾರದ ಪರೀಕ್ಷೆ ಪಾಸಾದರೆ ಅಮ್ಮ ಕ್ಲಾಸಿಗೆ ಹೋಗದಿದ್ದರೂ ಕಾಲೇಜಿನವರು ಆ ವಿಷಯ ಮುಗಿಯಿತೆಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಆಗಸ್ಟ್‌ನಲ್ಲಿ ಅಮ್ಮ ಕೊರಿನ್‌ಳ ಸ್ಕೂಲಿನಲ್ಲೇ ಟೀಚರ್! ಫೇಲಾದರೆ ಮತ್ತೆ ಬರೆಯಲು ಮೂರು ತಿಂಗಳು ಕಾಯಬೇಕು. ಸ್ಕೂಲಿನವರು ಆ ಕೆಲಸಕ್ಕೆ ಅಷ್ಟರೊಳಗೇ ಬೇರೆಯವರನ್ನು ಆರಿಸಿಬಿಡುತ್ತಾರೆ.

ಕುಣಿಯುತ್ತಿದ್ದ ಕೊರಿನ್ ತಟ್ಟನೆ ನಿಂತಳು. ಅರೆ! ನಾನು ಪ್ರಶ್ನೆ ಪೂರ್ತಿ ಓದಲೇ ಇಲ್ಲವಲ್ಲ?

“ಅಮ್ಮಾ, ಇನ್ನೊಂದು. ರಕ್ತದಲ್ಲಿರೋ ಕಸ ಸೋಸೋದು ಯಾವುದು?” ಈ ಸಲ ಅವಳು ಉತ್ತರಗಳನ್ನು ಬೇಕೆಂದೇ ಹಿಂದುಮುಂದು ಮಾಡಿ ಓದಿದಳು. “ಎ, ಮೂತ್ರಪಿಂಡ. ಬಿ, ಶ್ವಾಸಕೋಶ. ಸಿ...”

“ಬಿ!”

“ಬಿ ಶ್ವಾಸಕೋಶ ಅಮ್ಮಾ.”

ಅಮ್ಮನ ಮುಖ ಸಣ್ಣಗಾಯಿತು. “ಪುಸ್ತಕದಲ್ಲಿ ಇರೋ ಹಾಗೆ ಓದೇ! ತಲೆಹರಟೆ ಮಾಡ್ಬೇಡ.”

ಕೊರಿನ್‌ಗೆ ಅಳು ಬಂತು. ಹೇಳಲೋ ಬೇಡವೋ? ಹೇಳಿದರೆ ಅಮ್ಮನಿಗೆ ಬೇಜಾರು. ಹೇಳದಿದ್ದರೆ ಶನಿವಾರ?

“ಪರೀಕ್ಷೇಲಿ ಇದೇ ಪ್ರಶ್ನೆ, ಇದೇ ಸಾಲಲ್ಲಿ ಬರಲ್ವಲ್ಲಮ್ಮಾ. ನೀನು ಬರೀ ಅಕ್ಷರ ಬಾಯಿಪಾಠ ಮಾಡಿದೀಯ.”

ಅಮ್ಮ ಕಿಟಕಿಯಾಚೆಯ ಹಿಮದ ಕಡೆ ತಿರುಗಿದಳು. ಆಮೇಲೆ ಕೈಗೆ ಅಂಟಿದ್ದ ಬ್ರೆಡ್ ಪುಡಿ ಕೊಡವಿದಳು.

“ಎಂಥಾ ಪೆದ್ದಿ ನಾನು! ಅದೇ ಪುಟಗಳನ್ನ ಆರು ಸಲ ಉರು ಹೊಡೆದಿದೀನಿ ನೋಡು. ಹೋಗ್ಲಿ ಬಿಡು, ಇನ್ನೂ ನಾಲ್ಕು ದಿನ ಇದೆ. ಉತ್ತರ ಮುಚ್ಚು. ಬರೀ ಪ್ರಶ್ನೆ ಕೇಳು.”

ಕೊರಿನ್ ಉತ್ತರಗಳ ಮೇಲೆ ಅಂಗೈ ಇಟ್ಟಳು. ಹದಿನೆಂಟು ಪ್ರಶ್ನೆ ಕೇಳಿದಳು. ಸರಿಯಾಗಿದ್ದು ಒಂಬತ್ತೇ ಒಂಬತ್ತು. ಅಮ್ಮ ಹಲ್ಲು ಕಚ್ಚಿ, “ಮುಂದೆ” ಎಂದಳು.

“ಹೃದಯದ ಯಾವ ಕೋಣೆಯಿಂದ ರಕ್ತ ಶ್ವಾಸಕೋಶಕ್ಕೆ ಹೋಗುತ್ತೆ?”

ಅಮ್ಮ ಹಣೆ ತಿಕ್ಕಿಕೊಂಡಳು.

“ಯಾವ ಅಕ್ಷರ ಅಂತ ಒಂದೇ ಒಂದು ಸುಳಿವು ಕೊಡೇ, ನನ್ನ ಚಿನ್ನ.”

ಕೊರಿನ್‌ಗೆ ಉತ್ತರಗಳ ಮೇಲಿಂದ ಕೈ ಎತ್ತಿಬಿಡಬೇಕು ಅನ್ನಿಸಿತು. ಪಾಪ, ಬೆಳಿಗ್ಗೆ ಐದಕ್ಕೆ ಎದ್ದವಳು ಅಮ್ಮ. ಆದರೂ ಅವಳು ಅಂಗೈಯನ್ನು ಇನ್ನಷ್ಟು ಒತ್ತಿ ಹಿಡಿದಳು.

“ಊಹೂಂ.”

“ಎಲಾ ಇವಳ!” ಎಂದು ಗೊಣಗಿದ ಅಮ್ಮ, ಬಸ್ಸಿನ ಗಾಜಿನ ಮೇಲೆ ಕೂತ ಹಬೆಯಲ್ಲಿ ಬೆರಳಿನಿಂದ ನಾಲ್ಕು ಚೌಕ ಬರೆದಳು. “ಇದು ನನ್ನ ರೂಟು ಅಂದ್ಕೋ. ಮೈಯೆಲ್ಲ ಸುತ್ತಿ ಬಂದ ರಕ್ತದ ಮೊದಲ ಸ್ಟಾಪು ಬಲಗಡೆ ಮೇಲಿನ ಕೋಣೆ. ಅಲ್ಲಿಂದ ಕೆಳಗೆ. ಆಮೇಲೆ...”

ಉತ್ತರ ಕೊರಿನ್‌ಳ ನಾಲಿಗೆ ತುದಿಯಲ್ಲೇ ಇತ್ತು.

“...ಆಮೇಲೆ ಶ್ವಾಸಕೋಶ! ಬಲಗಡೆ ಕೆಳಗಿನ ಕೋಣೆ! ಹೌದು ತಾನೇ?”

“ಹೌದು!”

ಅಮ್ಮ ಸ್ಟೀರಿಂಗ್ ಮೇಲೆ ಗುದ್ದಿ ಜೋರಾಗಿ ನಕ್ಕಳು. ಐವತ್ತಕ್ಕೆ ಐವತ್ತು ಬಂದಾಗ ಅಮ್ಮ ಹೀಗೆ ನಕ್ಕಿರಲೇ ಇಲ್ಲ.

ಕೊರಿನ್ ಪುಟ ತಿರುವಿ, ಅಮ್ಮ ಹೇಳುವ ಮೊದಲೇ ಉತ್ತರಗಳನ್ನು ಮುಚ್ಚಿದಳು.