ಅಜ್ಜಿಯ ಪೆನ್ಸಿಲ್ ಮಾತು

"ಯಿಟ್ಕಾ, ಈ ಪುಸ್ತಕಕ್ಕೆ ಸ್ನಾನ ಮಾಡಿಸಿದ್ದು ಯಾರು?" ಒಟಾ ಅಜ್ಜ ಕೇಳಿದ.

ಯಿಟ್ಕಾ ಬೀಗುತ್ತಾ ರಬ್ಬರ್ ತೋರಿಸಿದಳು. "ನಾನೇ. ಪೆನ್ಸಿಲ್ ಗುರುತು ಅಳಿಸಿ ವಾಪಸ್ ಕಳಿಸಿ ಅಂತ ರಟ್ಟಿನ ಮೇಲೇ ಇದೆಯಲ್ಲ."

"ಅದು ಕಾನ್ಸರ್ಟ್ ಮುಗಿದ ಮೇಲೆ ಕಣೆ. ಕಾನ್ಸರ್ಟ್ ಇರೋದು ನಾಳೆ."

ಅದು ಪ್ರಾಗ್‌ನಿಂದ ಬಾಡಿಗೆಗೆ ಬಂದ, ಒಂದು ಸಿಂಫನಿಯ ಸ್ವರಲಿಪಿ ಪುಸ್ತಕ. ಊರಿನ ಆರ್ಕೆಸ್ಟ್ರಾದಲ್ಲಿ ಅಜ್ಜ, ಅಜ್ಜಿ ಇಬ್ಬರೂ ಚೆಲ್ಲೋ ಎಂಬ ದೊಡ್ಡ ಪಿಟೀಲು ನುಡಿಸುತ್ತಿದ್ದರು. ಇಬ್ಬರಿಗೂ ಒಂದೇ ಪುಸ್ತಕ. ಹಾಳೆ ತಿರುಗಿಸುವುದು, ಅಂಚಿನಲ್ಲಿ ಬರೆಯುವುದು ಅಜ್ಜಿಯ ಕೆಲಸ. ಕ್ರಿಸ್‌ಮಸ್‌ಗೆ ಮುಂಚೆ ಅಜ್ಜಿ ತೀರಿಕೊಂಡಳು.

ತಾನು ಅಳಿಸಿದ್ದು ಯಾರ ಅಕ್ಷರವೆಂದು ಯಿಟ್ಕಾಗೆ ಈಗ ಹೊಳೆಯಿತು. ಅಳಿಸುವ ಭರದಲ್ಲಿ ಅವಳು ಅದನ್ನು ಓದಿಯೂ ಇರಲಿಲ್ಲ.

"ಬೈದುಬಿಡು ಅಜ್ಜಾ."

ಅಜ್ಜ ಬೈಯಲಿಲ್ಲ. ಚೆಲ್ಲೋವನ್ನು ಪೆಟ್ಟಿಗೆಯೊಳಗಿಟ್ಟ. "ನಾಳೆ ನಾನು ಹೋಗಲ್ಲ. ಅವಳ ಮಾತಿಲ್ಲದೆ ನನ್ನ ಕೈ ಓಡಲ್ಲ."

ಯಿಟ್ಕಾ ಪುಸ್ತಕ ಎತ್ತಿಕೊಂಡಳು. "ಈ ಸಂಗೀತ ಬರೆದವರ ಕತೆ ನೀನೇ ಹೇಳಿದ್ದೆ. ತೀರಿಹೋದ ಗುರುಗಳಿಗೋಸ್ಕರ ಬರೀತಿದ್ರು. ಅರ್ಧದಲ್ಲಿ ಹೆಂಡತಿನೂ ಹೋಗ್ಬಿಟ್ರು. ಆಮೇಲೆ?"

"ಮಿಕ್ಕಿದ್ದನ್ನ ಹರಿದುಹಾಕಿ ಹೊಸದಾಗಿ ಬರೆದ್ರು."

"ಮತ್ತೆ?" ಯಿಟ್ಕಾ ಪೆನ್ಸಿಲ್ ಹಿಡಿದು ಕೂತಳು. "ನೀನು ಹೇಳು, ನಾನು ಬರೀತೀನಿ."

ಅಜ್ಜ ಅವಳನ್ನೇ ನೋಡಿದ. "ಮೂರನೇ ಪುಟ. 'ಒಟಾ, ಓಡಬೇಡ, ರೈಲು ತಪ್ಪಲ್ಲ.'"

ಯಿಟ್ಕಾ ಬರೆದಳು.

"ಹನ್ನೊಂದು. 'ಕುದುರೆ ಥರ ಕಾಲು ಕುಟ್ಟಬೇಡ.'"

ಯಿಟ್ಕಾ ಕಿಸಕ್ಕನೆ ನಕ್ಕಳು. "ಅಜ್ಜಿ ಹೀಗೆಲ್ಲಾ ಬರೆದಿದ್ಲಾ?"

"ಇನ್ನೂ ಜೋರಾಗಿ ಬೈದಿದ್ಲು. ನಾನು ಮೆತ್ತಗೆ ಮಾಡಿ ಹೇಳ್ತಿದೀನಿ."

ಇಬ್ಬರೂ ನಗುನಗುತ್ತಾ ಕೊನೆಯ ಪುಟಕ್ಕೆ ಬಂದರು.

"ಅಲ್ಲೇನೂ ಇಲ್ಲ," ಅಂದ ಅಜ್ಜ. "ಪ್ರಾಕ್ಟೀಸ್ ಅಲ್ಲಿಗೆ ಬರೋಷ್ಟರಲ್ಲಿ ಅವಳು ಆಸ್ಪತ್ರೆ ಸೇರಿದ್ಲು."

ಮರುದಿನ ಅಜ್ಜಿಯ ಕುರ್ಚಿಯಲ್ಲಿ ಯಿಟ್ಕಾ ಕೂತಳು. ಹಾಳೆ ತಿರುಗಿಸುವುದಷ್ಟೇ ಅವಳ ಕೆಲಸ. ಗುಡುಗಿದ ಸಂಗೀತ ಕೊನೆಕೊನೆಗೆ ಜೋಗುಳದಷ್ಟು ಮೆಲ್ಲಗಾಯಿತು. ಅಜ್ಜನ ಕಣ್ಣು ತುಂಬಿತು. ಯಿಟ್ಕಾ ಕೊನೆಯ ಹಾಳೆ ತಿರುಗಿಸಿದಳು. ಅಲ್ಲಿ ಅವಳ ಗುಂಡು ಅಕ್ಷರವಿತ್ತು: 'ಅಜ್ಜಾ, ಮೂಗು ಸೊರ್ ಅನ್ನಿಸಬೇಡ. ಇದು ಮೆತ್ತಗಿನ ಜಾಗ.'

ಅಜ್ಜನ ಮೀಸೆ ಕುಣಿಯಿತು. ಕೈ ಮಾತ್ರ ತಪ್ಪಲಿಲ್ಲ.

ಸೋಮವಾರ ಪುಸ್ತಕ ವಾಪಸ್ ಹೋಗಬೇಕಿತ್ತು. ಅಜ್ಜ ರಬ್ಬರನ್ನು ಅವಳ ಕೈಗೇ ಕೊಟ್ಟ. ಈ ಸಲ ಯಿಟ್ಕಾ ಒಂದೊಂದು ಸಾಲನ್ನೂ ಓದಿ ಅಳಿಸಿದಳು. ಹಾಳೆಗಳೆಲ್ಲ ಬೆಳ್ಳಗಾದವು. ಆಮೇಲೆ ಸುಮ್ಮನೆ ಮೂರನೇ ಪುಟ ತೆರೆದಳು. 'ಓಡಬೇಡ' ಎಂದಳು ಅಜ್ಜಿ, ಎಂದಿನ ದನಿಯಲ್ಲೇ.