ಅಣ್ಣನ ಹಳೆಯ ರೇಡಿಯೇಟರ್

ಅಣ್ಣ ತೀರಿಕೊಂಡ ಮೇಲೆ ಅವನ ಹಳೆಯ ಸ್ಪೋರ್ಟ್ಸ್ ಕಾರು ಶೆಡ್ಡಿನಲ್ಲೇ ನಿಂತಿತ್ತು. ವರ್ಷದಿಂದ ಯಾರೂ ಸ್ಟಾರ್ಟ್ ಮಾಡಿರಲಿಲ್ಲ. ಮೊನ್ನೆ ಭಾನುವಾರ ಬೆಳಿಗ್ಗೆ ಹೊಸ ಅಲ್ಯೂಮಿನಿಯಂ ರೇಡಿಯೇಟರ್ ತಂದು ನಾನೇ ಕೂರಿಸಲು ಹೊರಟೆ. ಹಳೆಯದನ್ನು ಬಿಚ್ಚಿ ಎತ್ತಿಕೊಂಡರೆ, ಜ್ವರ ಬಂದ ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಬಿಸಿ ತಾಗಿತು. ಒಳಗೆ ಹನಿ ನೀರಿರಲಿಲ್ಲ, ಶೆಡ್ಡಿಗೆ ಬಿಸಿಲೂ ಬರುವುದಿಲ್ಲ.

ಅತ್ತಿಗೆಯನ್ನು ಕರೆದೆ. ಮುಟ್ಟಿ ನೋಡಿದವರು ಕೈ ತೆಗೆಯಲೇ ಇಲ್ಲ.

“ನಿಮ್ಮಣ್ಣ ಗಾಡಿ ನಿಲ್ಲಿಸಿದ್ರೆ ಇದು ಆರೋವರೆಗೂ ಪಕ್ಕದಲ್ಲೇ ನಿಂತಿರೋರು. ಊಟ ಆರಿಹೋದ್ರೂ ಸರಿ, ಇದನ್ನ ಬಿಸಿಯಾಗಿ ಬಿಟ್ಟು ಒಳಗೆ ಬರ್ತಿರ್ಲಿಲ್ಲ,” ಎಂದರು.

ಹೊಸದು ಚೆನ್ನಾಗಿ ಕೂತಿದೆ, ಕಾರು ಕುದುರೆಯ ಹಾಗೆ ಓಡುತ್ತಿದೆ. ಶೆಡ್ಡಿನ ಮೂಲೆಯಲ್ಲಿಟ್ಟ ಹಳೆಯದು ಮಾತ್ರ ಇವತ್ತು ಬೆಳಿಗ್ಗೆಯೂ ಆರಿರಲಿಲ್ಲ.

ಅತ್ತಿಗೆ ಈಗ ರಾತ್ರಿ ಮುಂಬಾಗಿಲಿಗೆ ಚಿಲಕ ಹಾಕುತ್ತಿಲ್ಲ.