ಲಿಯೋನಾ ತಿರುಗಿ ನೋಡದ ಪಿಸ್ತೂಲು

ಏಪ್ರಿಲ್ 23, ಮಂಗಳವಾರ. ಮಧ್ಯಾಹ್ನ ಹನ್ನೆರಡು ಗಂಟೆ ಹದಿನೆಂಟು ನಿಮಿಷಕ್ಕೆ ಶೆರಿಫ್ ಕಚೇರಿಗೆ ಫೋನ್ ಬಂತು. ಮಾಡಿದವಳು ವೆಂಡೆಲ್ ಊರಿನ ಗುಮಾಸ್ತೆ ವರ್ಲಾ ಯಾನ್ಸನ್.

"ಡೊರೀನ್, ಇವತ್ತು ಸೈರನ್ ಕೂಗ್ಲಿಲ್ಲ ಕಣೆ."

"ಕೆಟ್ಟಿರ್ಬೇಕು. ಯಾರನ್ನಾದ್ರೂ ಹತ್ತಿಸಿ ನೋಡು."

"ನೋಡಿ ಆಯ್ತು. ಪೆಟ್ಟಿಗೇಲಿ ಮೂರು ತೂತು. ಗುಂಡಿನ ತೂತು ಅಂತಿದಾರೆ."

ನೆಬ್ರಾಸ್ಕಾದ ಬಯಲಿನಲ್ಲಿ ನಾನೂರು ಜನರಿರುವ ವೆಂಡೆಲ್‌ನಲ್ಲಿ ಸೈರನ್ ದಿನಕ್ಕೆ ಎರಡು ಸಲ ಕೂಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಊಟಕ್ಕೆಂದು, ಸಂಜೆ ಆರಕ್ಕೆ ಮನೆಗೆಂದು. ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಸುಂಟರಗಾಳಿ ಬರುತ್ತಿದೆ, ನೆಲಮಾಳಿಗೆಗೆ ಇಳಿಯಿರಿ ಎಂದರ್ಥ. ಏಪ್ರಿಲ್ ಕೊನೆ ಎಂದರೆ ಗಾಳಿಯ ಕಾಲ. ಶುಕ್ರವಾರಕ್ಕೆ ಹವಾಮಾನದವರು ಆಗಲೇ ಎಚ್ಚರಿಕೆ ಕೊಟ್ಟಿದ್ದರು.

ಶೆರಿಫ್ ಡೊರೀನ್ ಕುಚೆರಾ ಅರ್ಧ ತಿಂದ ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಸುತ್ತಿಟ್ಟಳು. ಗಂಡ ಬಿಟ್ಟುಹೋದ ಒಂಬತ್ತು ವರ್ಷದಿಂದ ಅವಳ ಊಟವೆಲ್ಲ ಮೇಜಿನ ಮೇಲೋ ಗಾಡಿಯಲ್ಲೋ ಆಗುತ್ತಿತ್ತು. ಡೆಪ್ಯುಟಿ ಓಬರ್‌ಮಿಲ್ಲರ್‌ನನ್ನು ಕರೆದುಕೊಂಡು ಹೊರಟಳು.

ಒಂದು ಗಂಟೆ ಐದು ನಿಮಿಷಕ್ಕೆ ಸ್ಥಳದ ಮಹಜರು ಶುರುವಾಯಿತು. ಅಗ್ನಿಶಾಮಕ ಠಾಣೆಯ ಹಿಂದಿನ ಕಂಬ. ನೆಲದಿಂದ ಎಂಟಡಿ ಮೇಲೆ ವೈರುಗಳ ಪೆಟ್ಟಿಗೆ. ಒಂದು ಅಂಗೈ ಅಗಲದೊಳಗೆ ಮೂರು ಸಣ್ಣ ತೂತು. ಕಂಬದಿಂದ ಹದಿನಾಲ್ಕು ಹೆಜ್ಜೆ ದೂರದಲ್ಲಿ, ಜಲ್ಲಿಯ ನಡುವೆ, ಒಂದು ಖಾಲಿ ತೋಟಾ. ಓಬರ್‌ಮಿಲ್ಲರ್ ಅದನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದ.

"ಪಾಯಿಂಟ್ ಟೂ-ಟೂ ತೋಟಾ, ಮೇಡಂ. ಬಂದೂಕಿನ ಪಿನ್ನು ಅಂಚಿಗೆ ಬಡಿದಿದೆ. ರಿಮ್‌ಫೈರ್."

"ಹ್ಞೂಂ. ಕೌಂಟೀಲಿ ಅಂಥ ಬಂದೂಕಿಲ್ದೇ ಇರೋ ಮನೆ ತೋರ್ಸು."

"ಪಾದ್ರಿ ಮನೆ."

"ಪಾದ್ರಿ ಹತ್ರ ಎರಡಿದೆ ಕಣಯ್ಯಾ."

ವರ್ಲಾಳ ಕಚೇರಿ ಅಲ್ಲಿಂದ ಅರವತ್ತು ಅಡಿ. ಅವಳು ಬೆಳಗಿನಿಂದ ಹನ್ನೊಂದೂವರೆಯವರೆಗೆ ಕಿಟಕಿ ತೆರೆದುಕೊಂಡೇ ಅಲ್ಲಿ ಕೂತಿದ್ದಳು.

"ಗುಂಡು ಹೊಡೆದ ಸದ್ದು ಕೇಳ್ಸಿತಾ?"

"ಎಂಥದೂ ಇಲ್ಲ. ಹನ್ನೊಂದೂಕಾಲಿಗೆ ಯಾರೋ ಕಂಬಕ್ಕೆ ಚೀಟಿ ಪಿನ್ನು ಹೊಡೀತಿದಾರೆ ಅನ್ಕೊಂಡೆ. ಟಕ್, ಟಕ್ ಅಂತ. ಚರ್ಚಿನ ಕೇಕ್ ಮಾರಾಟದ್ದಿರ್ಬೇಕು ಅಂತ ಏಳಲೂ ಇಲ್ಲ."

ಹಾಡಹಗಲಲ್ಲಿ, ಊರಿನ ನಟ್ಟನಡುವೆ, ಮೂರು ಗುಂಡು. ಪಕ್ಕದ ಮನೆಯ ನಾಯಿ ಕೂಡ ಬೊಗಳಿರಲಿಲ್ಲ. ಸೈಲೆನ್ಸರ್ ಹಾಕಿದ ಪಿಸ್ತೂಲು ಎಂದು ಡೊರೀನ್ ಪುಸ್ತಕದಲ್ಲಿ ಬರೆದುಕೊಂಡಳು. ಹೊಸ ಪೆಟ್ಟಿಗೆ ಓಹಾಯೊದಿಂದ ಬರಲು ಹತ್ತು ದಿನ. ಅಲ್ಲಿಯವರೆಗೆ ಗಾಳಿ ಎದ್ದರೆ ಅಗ್ನಿಶಾಮಕದವರು ಹಾರ್ನ್ ಹೊಡೆಯುತ್ತ ಬೀದಿ ಸುತ್ತಬೇಕು. ಆ ಹಾರ್ನ್ ಕೊನೆಯ ಬೀದಿಯ ಮನೆಗಳಿಗೆ ಕೇಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಸೈಲೆನ್ಸರ್ ಇಟ್ಟವರ ನೋಂದಣಿ ಇರುವುದು ವಾಷಿಂಗ್ಟನ್‌ನಲ್ಲಿ. ಅಲ್ಲಿಗೆ ಪತ್ರ ಬರೆದು ಉತ್ತರ ಕಾಯುವಷ್ಟರಲ್ಲಿ ಜೋಳ ಕಟಾವಿಗೆ ಬಂದಿರುತ್ತದೆ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಡೊರೀನ್ ನೇರವಾಗಿ ಬರ್ಡೆಟ್ ಹಾಸನ ಬಂದೂಕಿನ ಅಂಗಡಿಗೆ ಹೋದಳು. ಸುತ್ತಲಿನ ಮೂರು ಕೌಂಟಿಗೆ ಅದೊಂದೇ ಅಂಗಡಿ. ಬಾಯಿಗೆ ಬೀಗವಿಲ್ಲದ ಮುದುಕ.

"ಸೈಲೆನ್ಸರ್ ಕೊಂಡೋರು ಏಳು ಜನ. ಹೆಸರು ಬರ್ಕೊ. ಆದ್ರೆ ಅದನ್ನ ಸಿಗಿಸೋ ಪಿಸ್ತೂಲು ಆರಿಸಿದ್ದು ಅಂದ್ರೆ ಮೈಲೋ ಸೆಡ್ಲಾಚೆಕ್ ಒಬ್ನೇ. ಉಳಿದೋರೆಲ್ಲ ಬಣ್ಣ ನೋಡಿ ಎತ್ಕೊಂಡು ಹೋದ್ರು."

"ಏನು ಆರಿಸಿದ?"

"ಮೊದ್ಲು ರಿವಾಲ್ವರ್ ಕೇಳ್ದ. ಅಯ್ಯೋ ಮಾರಾಯ, ಅದಕ್ಕೆ ಸೈಲೆನ್ಸರ್ ಹಾಕೋದು ತಳ ಇಲ್ದಿರೋ ಪಾತ್ರೆಗೆ ಮುಚ್ಚಳ ಹುಡುಕ್ದಂಗೆ, ಸದ್ದೆಲ್ಲ ಗುಂಡು ತುಂಬೋ ಗಾಲಿ ಪಕ್ಕದ ಸಂದೀಲಿ ಹೊರಗೆ ಬರುತ್ತೆ ಅಂದೆ. ಆಮೇಲೆ ಹಗುರಾದ್ದೊಂದು ಕೊಟ್ಟೆ. ಗುಂಡಿನ ಸದ್ದು ಸತ್ತಿತ್ತು, ಆದ್ರೆ ಮೇಲಿನ ಕಬ್ಬಿಣ ಹಿಂದಕ್ಕೆ ಹೋಗಿ ಬರುತ್ತಲ್ಲ, ಆ ಚಟಕ್ ಅನ್ನೋದು ಉಳೀತು. ಹೆಂಡ್ತಿ ಲಿಯೋನಾ ಬೆಚ್ಚಿ ಭುಜ ಎತ್ತಿದ್ಲು. ಬೇಡ ಅಂದ."

"ಲಿಯೋನಾ ಯಾಕೆ ಬಂದ್ಲು ಇಲ್ಲಿಗೆ?"

"ಅದೇ ತಮಾಷೆ ನೋಡು. ಹೆಂಡ್ತೀನ ಟ್ರಕ್ಕಲ್ಲಿ ಕೂರ್ಸಿ, ಕಿಟಕಿ ಇಳಿಸಿ, ಐವತ್ತು ಅಡಿ ದೂರ ಬಂದು ಹೊಡೆಯೋನು. ಗುರಿಗೆ ಬಿತ್ತಾ ಅಂತ ನೋಡಲ್ಲ, ಹೆಂಡ್ತೀನ ನೋಡ್ತಾನೆ. ಹಿಡಿ ಚೆನ್ನಾಗಿದೆಯಾ, ಬೆಲೆ ಎಷ್ಟು, ಒಂದು ಮಾತಿಲ್ಲ. ಮೂರು ವಾರ ಬಂದ. ನಾಲ್ಕು ಪಿಸ್ತೂಲು ಆಯ್ತು. ಐದನೇದು ಹಳೇದು, ಉದ್ದ ನಳಿಗೆ, ಅಡಿಗಲ್ಲಿನಷ್ಟು ಭಾರ. ನಿಧಾನಕ್ಕೆ ಹೋಗೋ ತೋಟಾ ತುಂಬಿ ಕೊಟ್ಟೆ. ಹೊಡೆದ. ಲಿಯೋನಾ ತಿರುಗಿ ಕೂಡ ನೋಡ್ಲಿಲ್ಲ. ಗೋಧಿ ಹೊಲ ನೋಡ್ತಾ ಕೂತಿದ್ಲು. ಮೈಲೋ ಕಣ್ಣು ಒರ್ಸ್ಕೊಂಡ, ಡೊರೀನ್. ನಲವತ್ತು ವರ್ಷದ ವ್ಯಾಪಾರದಲ್ಲಿ ಪಿಸ್ತೂಲು ಕೊಂಡು ಅತ್ತೋರನ್ನ ನಾನು ನೋಡಿರ್ಲಿಲ್ಲ."

"ಏನಕ್ಕೆ ಅಂದ?"

"ಕೋಳಿಗೂಡಿಗೆ ರಕೂನ್ ನುಗ್ತಾವೆ, ಹೊಡೀಬೇಕು, ಅವಳಿಗೆ ಸದ್ದಾಗಲ್ಲ ಅಂದ. ಸರ್ಕಾರದ ಕಾಗದ ಬರೋಕೆ ಹತ್ತು ತಿಂಗ್ಳು ಹಿಡೀತು. ಪಾಪ, ಅಲ್ಲೀವರೆಗೆ ಕೋಳಿ ಉಳಿದಿದ್ವೋ ಇಲ್ವೋ."

ಲಿಯೋನಾಗೆ ಮರೆವಿನ ಕಾಯಿಲೆ ಎಂದು ಊರಿಗೇ ಗೊತ್ತಿತ್ತು. ಎಪ್ಪತ್ತೊಂಬತ್ತು ವರ್ಷದ ಮೈಲೋ ಅವಳನ್ನು ಒಬ್ಬನೇ ನೋಡಿಕೊಳ್ಳುತ್ತಿದ್ದ. ಡೊರೀನ್ ಏಳು ಹೆಸರಿನಲ್ಲಿ ಅವನದನ್ನು ಕೊನೆಗೆ ಬರೆದಳು. ಹಾಗೆ ಬರೆದದ್ದು ಕನಿಕರದಿಂದ ಎಂದು ಅವಳಿಗೂ ತಿಳಿದಿತ್ತು.

ಬುಧವಾರ ಸಂಜೆಯೊಳಗೆ ಉಳಿದ ಆರು ಜನರ ವಿಚಾರಣೆ ಮುಗಿಯಿತು. ಇಬ್ಬರು ಎಂದೋ ಊರು ಬಿಟ್ಟಿದ್ದರು. ನಾಲ್ವರು ಮಂಗಳವಾರ ಬಿತ್ತನೆಯ ಹೊಲದಲ್ಲಿದ್ದರು, ಸಾಕ್ಷಿ ಇತ್ತು.

ಗುರುವಾರ, ಏಪ್ರಿಲ್ 25, ಹನ್ನೊಂದೂವರೆಗೆ ಡೊರೀನ್ ಹಿರಿಯರ ಊಟದ ಮನೆಗೆ ಹೋದಳು. ಮಂಗಳವಾರ ಮತ್ತು ಗುರುವಾರ ಊರಿನ ಮುದುಕರೆಲ್ಲ ಅಲ್ಲಿ ಉಣ್ಣುತ್ತಾರೆ. ಸೈರನ್ ಕೂಗಿದ ಮೇಲೆಯೇ ಪ್ರಾರ್ಥನೆ, ಪ್ರಾರ್ಥನೆಯ ಮೇಲೆಯೇ ತಟ್ಟೆ. ಬಡಿಸುವವಳು ಅದೇ ವರ್ಲಾ. ಸಣ್ಣ ಊರಿನಲ್ಲಿ ಒಬ್ಬರಿಗೆ ನಾಲ್ಕು ಕೆಲಸ.

"ಮಂಗಳವಾರ ಊಟಕ್ಕೆ ಬರದೇ ಇದ್ದೋರು ಯಾರು?"

"ಬರದೇ ಇದ್ದೋರು? ಯಾರೂ ಇಲ್ಲ. ಒಬ್ರು ಜಾಸ್ತೀನೇ ಬಂದಿದ್ರು. ಮೈಲೋ ಲಿಯೋನಾನ ಕರ್ಕೊಂಡು ಬಂದಿದ್ದ ಕಣೆ! ಮೂರು ವರ್ಷ ಆಗಿತ್ತು ಅವಳು ಈ ಬಾಗಿಲು ತುಳಿದು. ಹಂದಿಮಾಂಸ, ಡಂಪ್ಲಿಂಗ್ ಎಲ್ಲ ತಿಂದ್ಲು. ಏಪ್ರಿಕಾಟ್ ತುಂಬಿದ ಕೊಲಾಚೆ ಬನ್ನು ಎರಡು ತಿಂದು ಬೆರಳು ನೆಕ್ಕಿದ್ಲು. ನನ್ನ ಹೆಸ್ರು ಹಿಡಿದು ಕರೆದ್ಲು, ಗೊತ್ತಾ."

"ಎಷ್ಟು ಗಂಟೆಗೆ ಬಂದ್ರು?"

"ಹನ್ನೆರಡಕ್ಕೆ ಕಾಲು ಗಂಟೆ ಇತ್ತು. ಯಾವಾಗ್ಲೂ ಮೈಲೋ ಒಬ್ನೇ ಹನ್ನೆರಡೂವರೆಗೆ ಬಂದು ಎರಡು ಡಬ್ಬಿ ಕಟ್ಟಿಸ್ಕೊಂಡು ಹೋಗೋನು. ಸೈರನ್ ಕೂಗಿದ್ರೆ ಲಿಯೋನಾ ಕೈಗೇ ಸಿಗಲ್ವಲ್ಲ, ಅದಕ್ಕೆ..."

ವರ್ಲಾಳ ಸೌಟು ಹಾಗೇ ನಿಂತಿತು. ಹನ್ನೆರಡಕ್ಕೆ ಸೈರನ್ ಕೂಗುವುದಿಲ್ಲವೆಂದು ಹನ್ನೊಂದು ಮುಕ್ಕಾಲಿಗೆ ಇಡೀ ಊರಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು.

"ಅವನ ಅರ್ಜಿ ಮೂರು ಸಲ ಊರ ಸಭೆಗೆ ಬಂತು, ಡೊರೀನ್. ಎರಡು ಹೊತ್ತಿನ ಕೂಗು ನಿಲ್ಸಿ, ಗಾಳಿಗೆ ಮಾತ್ರ ಇಟ್ಕೊಳ್ಳಿ ಅಂತ. ಹಿಂದಿನಿಂದ ಬಂದದ್ದು ಬಿಡೋಕಾಗಲ್ಲ ಅಂದ್ರು. ಮೂರು ಸಲಾನೂ ತಿರಸ್ಕೃತ ಅಂತ ಬರೆದೋಳು ನಾನೇ."

ಎರಡು ಗಂಟೆ ಹತ್ತು ನಿಮಿಷಕ್ಕೆ ಡೊರೀನ್ ಮತ್ತು ಓಬರ್‌ಮಿಲ್ಲರ್ ಕೊನೆಯ ಬೀದಿಯ ಮನೆಗೆ ಹೋದರು. ಲಿಯೋನಾ ಕಿಟಕಿಯ ಬಳಿ ಬಟ್ಟೆ ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚುತ್ತಿದ್ದಳು. ಮೈಲೋ ಕಾಫಿ ಇಟ್ಟ.

"ಪಿಸ್ತೂಲು ಎಲ್ಲಿದೆ, ಮೈಲೋ?"

"ಮೇಲಿನ ಕಪಾಟಲ್ಲಿ. ತೋಟಾ ತೆಗೆದಿದೀನಿ."

"ಮಂಗಳವಾರ ನೀನೇನಾ?"

"ನಾನೇ ಮಗಳೇ. ಎರಡು ಖಾಲಿ ಹೆಕ್ಕಿದೆ. ಮೂರನೇದು ಕಣ್ಣಿಗೆ ಸಿಗ್ಲಿಲ್ಲ."

"ಕಿವಿಗೆ ಏನಾದ್ರೂ ಹಾಕ್ಬಹುದಿತ್ತು ಅವಳಿಗೆ."

"ಕಿತ್ತು ಹಾಕ್ತಾಳೆ. ನಿನಗೆ ಗೊತ್ತಿಲ್ಲ, ಎಪ್ಪತ್ತೈದನೇ ಇಸವಿ ಗಾಳೀಲಿ ಸೈರನ್ ಕೂಗ್ತಾನೇ ಇತ್ತು. ಇವಳು ನೆಲಮಾಳಿಗೆ ಬಾಗಿಲು ಹಿಡ್ಕೊಂಡು ಕ್ಯಾರಲ್, ಕ್ಯಾರಲ್ ಅಂತ ಕರೀತಿದ್ಲು. ಮಗು ಬೆಕ್ಕು ತರೋಕೆ ಓಡಿತ್ತು. ಐದು ವರ್ಷ ಅದಕ್ಕೆ. ಇಷ್ಟು ಕಾಲ ಹೇಗೋ ತಡ್ಕೊಂಡ್ಲು. ಈ ಕಾಯಿಲೆ ಬಂದ್ಮೇಲೆ ಸೈರನ್ ಕೂಗಿದಾಗೆಲ್ಲ ಅದೇ ದಿನ ಅವಳಿಗೆ. ಬಾಗಿಲು ಕಿತ್ಕೊಂಡು ಹುಡುಕ್ತಾಳೆ. ದಿನಕ್ಕೆ ಎರಡು ಸಲ ನಮ್ಮ ಮಗು ಸಾಯುತ್ತೆ, ಡೊರೀನ್."

"ನಾಳೆ ಗಾಳಿ ಬಂದು, ಸೈರನ್ ಇಲ್ದೆ ಬೇರೆಯವರ ಮಗು ಸತ್ರೆ?"

ಮೈಲೋ ಮೇಜು ನೋಡಿದ. "ಎರಡು ದಿನದಿಂದ ಅದೇ ಯೋಚ್ನೆ. ಇವತ್ತು ನೀನು ಬರದೇ ಇದ್ದಿದ್ರೆ ನಾನೇ ಬರ್ತಿದ್ದೆ. ಆದ್ರೆ ನಾನು ಹೋದ್ರೆ ಇವಳನ್ನ ಆರೈಕೆ ಮನೆಗೆ ಹಾಕ್ತಾರಲ್ಲ. ಅದೊಂದಕ್ಕೆ ಕಾಲು ಬರ್ಲಿಲ್ಲ."

ಎರಡು ನಲವತ್ತಕ್ಕೆ ಬಂಧನ. ಪಿಸ್ತೂಲು, ಸೈಲೆನ್ಸರ್, ಎರಡು ಖಾಲಿ ತೋಟಾ ಜಪ್ತಿ. ಓಬರ್‌ಮಿಲ್ಲರ್ ಕೈಕೋಳ ಹೊರಗೆ ತೆಗೆಯಲೇ ಇಲ್ಲ. ಮೈಲೋ ಅವನಿಗೆ ಮಾತ್ರೆಗಳ ಹೊತ್ತು ಹೇಳಿಕೊಟ್ಟ. ಬಿಳಿಯದನ್ನು ಸೇಬಿನ ಸಾಸಿನಲ್ಲಿ ಕಲಸಿ ಕೊಡಬೇಕು, ಇಲ್ಲದಿದ್ದರೆ ಉಗಿಯುತ್ತಾಳೆ ಎಂದ. ಹೊರಡುವಾಗ ಹೆಂಡತಿಯ ತಲೆಗೆ ಮುತ್ತಿಟ್ಟ. ಅವಳು ಸೌಜನ್ಯದಿಂದ, ನೀವು ಒಳ್ಳೆಯವರು, ಮತ್ತೆ ಬನ್ನಿ ಎಂದಳು.

ಶುಕ್ರವಾರದ ಗಾಳಿ ಉತ್ತರಕ್ಕೆ ತಿರುಗಿ ಹೋಯಿತು. ಮೇ ಆರರಂದು ಮೈಲೋಗೆ ಜಾಮೀನು ಸಿಕ್ಕಿತು. ವಿಚಾರಣೆ ಮುಗಿಯುವ ತನಕ ಕೌಂಟಿ ದಾಟಬಾರದೆಂಬ ಷರತ್ತು. ಲಿಯೋನಾಳನ್ನು ಇಟ್ಟ ಆರೈಕೆ ಮನೆ ಎರಡು ಕೌಂಟಿ ಆಚೆ ಇತ್ತು. ಡೊರೀನ್ ಅಂತಿಮ ವರದಿ ಬರೆದಳು. ಉದ್ದೇಶ ಎಂಬ ಕಾಲಮ್ಮಿನಲ್ಲಿ ತುಂಬ ಹೊತ್ತು ಪೆನ್ನು ಹಿಡಿದು ಕೂತು, ಕೊನೆಗೆ "ಹೆಂಡತಿಯನ್ನು ನಾಲ್ಕು ಜನರ ನಡುವೆ ಕೂರಿಸಿ ಊಟ ಮಾಡಿಸಲು" ಎಂದು ಬರೆದಳು. ಸರ್ಕಾರಿ ವಕೀಲ ಅದನ್ನು ತಿದ್ದಲಿಲ್ಲ.

ಮುಂದಿನ ಭಾನುವಾರ ತನ್ನ ರಜೆಯಲ್ಲಿ ಅವಳು ಲಿಯೋನಾಳನ್ನು ನೋಡಿ ಬಂದಳು. ಹಿಂದಿರುಗುವಾಗ ಮೈಲೋನ ಮನೆಗೆ ಹೋದಳು.

"ಹೇಗಿದಾಳೆ?"

"ಚೆನ್ನಾಗಿದಾಳೆ. ಆ ಊರಲ್ಲಿ ಸೈರನ್ ಹೊತ್ತುಹೊತ್ತಿಗೆ ಕೂಗಲ್ಲ. ಮಧ್ಯಾಹ್ನ ಎಲ್ಲರ ಜೊತೆ ಕೂತು ಉಂಡ್ಲು. ದಪ್ಪ ಆಗಿದಾಳೆ."

"ಹೆದರ್ಕೊಳಲ್ವಾ?"

"ಇಲ್ಲ."

"ಕ್ಯಾರಲ್‌ನ ಕೇಳಿದ್ಲಾ?"

"ಇಲ್ಲ, ಮೈಲೋ."

"ನನ್ನ?"

ಪೊಲೀಸರು ಸುಳ್ಳು ಹೇಳಬಾರದೆಂದೇನಿಲ್ಲ. ಡೊರೀನ್ ಇಪ್ಪತ್ತಾರು ವರ್ಷದಲ್ಲಿ ಬೇಕಾದಷ್ಟು ಹೇಳಿದ್ದಳು. ಈ ಮನುಷ್ಯನಿಗೆ ಹೇಳಲು ಬಾಯಿ ಬರಲಿಲ್ಲ.

"ಇಲ್ಲ," ಎಂದಳು.

"ಒಳ್ಳೇದಾಯ್ತು ಬಿಡು," ಎಂದ ಮೈಲೋ. "ಹುಡುಕೋದು ನಿಂತಿತಲ್ಲ."

ಹೊರಡಲು ಎದ್ದಿದ್ದ ಡೊರೀನ್ ಟೋಪಿಯನ್ನು ಮೇಜಿನ ಮೇಲಿಟ್ಟು ಮತ್ತೆ ಕೂತಳು. ತಿನ್ನಲು ಏನಿದೆ ಎಂದು ಕೇಳಿದಳು.